ಕೀಲಿಕೈ ಯಾರ ಬಳಿ ಇರಬೇಕು?

2017ರ ಆಗಸ್ಟ್ ತಿಂಗಳ ಎರಡನೆಯ ವಾರ. ಚಾತುರ್ಮಾಸ್ಯದ ದಿನಗಳು. ಕುರ್ಲಾ ಪೂರ್ವದ ನೆಹರೂ ನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಎಂದಿನಂತೆ ಬೆಳಗಿನ ಸ್ವಾಧ್ಯಾಯಕ್ಕೆ ಕುಳಿತಿದ್ದೆ. ಓದುತ್ತಿದ್ದುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಒಂದು ಹಳೆಯ ಕನ್ನಡ ಟೀಕಾಸಹಿತ ಮುದ್ರಣ. ಆ ಪುಸ್ತಕ ಅಂಗಡಿಯಲ್ಲಿ ದೊರೆಯುವುದಿಲ್ಲ. ಊರಿನ ಬಸದಿಯ ಕಪಾಟಿನಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದು ಎಷ್ಟೋ ವರ್ಷಗಳಾದವು. ನನಗೆ ಅದು ಸಿಕ್ಕಿದ್ದು ಇಂಟರ್ನೆಟ್ ಆರ್ಕೈವ್ ಎಂಬ ಅಂತರಜಾಲದ ಗ್ರಂಥಾಲಯದಲ್ಲಿ. ಆ ದಿನ ಪುಟ ತೆರೆಯಲಿಲ್ಲ. ದೂರಸಂಪರ್ಕ ಇಲಾಖೆಯ ನಿರ್ದೇಶನದಂತೆ ಈ ತಾಣವನ್ನು ನಿರ್ಬಂಧಿಸಲಾಗಿದೆ ಎಂಬ ಒಂದೇ ಒಂದು ಸಾಲು ಪರದೆಯ ಮೇಲಿತ್ತು. ಯಾಕೆ, ಯಾರ ದೂರಿನಿಂದ, ಎಷ್ಟು ದಿನ, ಯಾರನ್ನು ಕೇಳಬೇಕು, ಒಂದೂ ಇಲ್ಲ. ಸಂಪರ್ಕ ಒದಗಿಸುವ ಕಂಪನಿಗೆ ಫೋನು ಮಾಡಿದೆ. ಅತ್ತಲಿನ ಹುಡುಗ ಮರ್ಯಾದೆಯಿಂದಲೇ, "ಅಂಕಲ್, ಅದು ಸರ್ಕಾರದ್ದು, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದ.

ಕಾರಣ ಪತ್ರಿಕೆಗಳಲ್ಲಿ ಓದಿ ತಿಳಿಯಿತು. ಆಗ ತೆರೆಕಂಡಿದ್ದ 'ಜಬ್ ಹ್ಯಾರಿ ಮೆಟ್ ಸೇಜಲ್' ಮತ್ತು 'ಟಾಯ್ಲೆಟ್: ಏಕ್ ಪ್ರೇಮ್ ಕಥಾ' ಎಂಬ ಎರಡು ಹಿಂದಿ ಚಿತ್ರಗಳ ಕಳ್ಳಪ್ರತಿ ಹರಡದಂತೆ ಮದ್ರಾಸ್ ಹೈಕೋರ್ಟಿನಿಂದ ಆದೇಶ ಪಡೆಯಲಾಗಿತ್ತು. ಎರಡೂವರೆ ಸಾವಿರಕ್ಕೂ ಹೆಚ್ಚು ತಾಣಗಳ ಆ ಪಟ್ಟಿಯಲ್ಲಿ ಗ್ರಂಥಾಲಯವೂ ಸೇರಿಕೊಂಡಿತ್ತು. ಒಂದು ಸಿನಿಮಾದ ವ್ಯಾಪಾರವನ್ನು ಕಾಪಾಡಲು ಹೊರಟವರು ದಾರಿಯಲ್ಲಿ ಸಮಂತಭದ್ರರಿಗೂ ಬೀಗ ಜಡಿದಿದ್ದರು. ಕೆಲವು ದಿನಗಳಲ್ಲಿ ಬೀಗ ತೆಗೆಯಲಾಯಿತು. ಕ್ಷಮೆಯನ್ನಂತೂ ಯಾರೂ ಕೇಳಲಿಲ್ಲ.

ಇದೊಂದು ಸಣ್ಣ ಸಂಗತಿ ಎಂದು ನೀವು ಹೇಳಬಹುದು. ನಾನು ವಕೀಲನಲ್ಲ, ಪತ್ರಕರ್ತನಲ್ಲ. ಜೀವಮಾನವಿಡೀ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆದು ನಿವೃತ್ತನಾದ ಸಾಮಾನ್ಯ ನಾಗರಿಕ. ಆದರೆ ಲೆಕ್ಕ ಬರೆದವನಿಗೆ ಒಂದು ಅಭ್ಯಾಸವಿರುತ್ತದೆ. ಸಣ್ಣ ವ್ಯತ್ಯಾಸವನ್ನು ಹಿಂಬಾಲಿಸಿ ಹೋದರೆ ದೊಡ್ಡ ತಪ್ಪು ಎಲ್ಲಿದೆಯೆಂದು ಗೊತ್ತಾಗುತ್ತದೆ. ಅಂದಿನಿಂದ ಇಂದಿನವರೆಗೆ ಕಳ್ಳಪ್ರತಿ ತಡೆಯುವ ಹೆಸರಿನಲ್ಲಿ, ಸುಳ್ಳುಸುದ್ದಿ ತಡೆಯುವ ಹೆಸರಿನಲ್ಲಿ, ಭಾವನೆಗಳಿಗೆ ಧಕ್ಕೆಯಾಗದಂತೆ ತಡೆಯುವ ಹೆಸರಿನಲ್ಲಿ ಬರುತ್ತಿರುವ ಕಾನೂನುಗಳನ್ನೂ ಮಸೂದೆಗಳನ್ನೂ ನಿಯಮಗಳನ್ನೂ ಹಿಂಬಾಲಿಸಿ ನೋಡಿದ್ದೇನೆ. ಇವುಗಳ ಉದ್ದೇಶ ಬೇರೆಬೇರೆ, ಆದರೆ ಎಲ್ಲವೂ ಕೀಲಿಕೈಯನ್ನು ನ್ಯಾಯಾಲಯದ ತೆರೆದ ಕಟಕಟೆಯಿಂದ ಎತ್ತಿ ಅಧಿಕಾರಿಯ ಮುಚ್ಚಿದ ಮೇಜಿನೊಳಗೆ ಇಡುತ್ತಿವೆ. ಇದನ್ನು ನಾವು ವಿರೋಧಿಸಬೇಕು. ಜೈನರಾಗಿ, ಕನ್ನಡಿಗರಾಗಿ ವಿಶೇಷವಾಗಿ ವಿರೋಧಿಸಬೇಕು. ಯಾಕೆಂದು ವಿವರಿಸುತ್ತೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕುರ್ಲಾ ಸ್ಟೇಶನ್ನಿನ ಪಶ್ಚಿಮ ಭಾಗದಲ್ಲಿ ಇಳಿದರೆ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸೀಡಿ ಮಾರುತ್ತಿದ್ದ ಕಾಲವೊಂದಿತ್ತು. ಹಿಂದಿ, ಭೋಜಪುರಿ, ತಮಿಳು, ಹುಡುಕಿದರೆ ಕನ್ನಡವೂ ಸಿಗುತ್ತಿತ್ತು. ಊರು ಬಿಟ್ಟು ಬಂದವರಿಗೆ ಹತ್ತಿರದ ಯಾವ ಟಾಕೀಸಿನಲ್ಲೂ ಕನ್ನಡ ಚಿತ್ರ ನೋಡಲು ದೊರೆಯುತ್ತಿರಲಿಲ್ಲ. ಕೊಂಡಿದ್ದೇನೆ, ಮನೆಮಂದಿಯೆಲ್ಲ ಕುಳಿತು ನೋಡಿದ್ದೇವೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ 'ತದಾಹೃತಾದಾನ' ಎಂಬುದೊಂದುಂಟು: ಕದ್ದು ತಂದದ್ದನ್ನು ಕೊಳ್ಳುವುದು. 'ಪ್ರತಿರೂಪಕ ವ್ಯವಹಾರ' ಇನ್ನೊಂದು: ನಕಲಿಯನ್ನು ಅಸಲಿಯೆಂದು ಮಾರುವುದು. ಸೀಡಿ ಮಾರಿದವನಿಗೆ ಎರಡನೆಯದು ತಗುಲಿದರೆ ನನಗೆ ಮೊದಲನೆಯದು ತಗುಲಿತು. ಒಂದು ಚಿತ್ರಕ್ಕಾಗಿ ದುಡಿದ ಲೈಟ್‌ಬಾಯ್‌ನಿಂದ ಹಾಡು ಬರೆದವನವರೆಗೆ ಎಲ್ಲರ ಅನ್ನದ ಪಾಲನ್ನು ಕದಿಯುವುದು ಕಳ್ಳತನವೇ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕಳ್ಳತನಕ್ಕೆ ಕಾನೂನು ಇಲ್ಲವೇ? ಧಾರಾಳವಾಗಿ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಕಲಮಿನಂತೆ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. 2012ರ ತಿದ್ದುಪಡಿ ಡಿಜಿಟಲ್ ಬೀಗಗಳನ್ನು ಮುರಿಯುವುದನ್ನೂ ಅಪರಾಧವಾಗಿಸಿತು. 2023ರ ಜುಲೈಯಲ್ಲಿ ಸಂಸತ್ತು ಅಂಗೀಕರಿಸಿದ ಸಿನಿಮಾಟೋಗ್ರಾಫ್ ತಿದ್ದುಪಡಿ ಚಿತ್ರಮಂದಿರದಲ್ಲಿ ಕಳ್ಳಚಿತ್ರಣ ಮಾಡುವವನಿಗೂ ಅದನ್ನು ಹರಡುವವನಿಗೂ ಮೂರು ತಿಂಗಳಿನಿಂದ ಮೂರು ವರ್ಷ ಸೆರೆ, ಕನಿಷ್ಠ 3 ಲಕ್ಷ ರೂಪಾಯಿಯಿಂದ ಚಿತ್ರದ ಒಟ್ಟು ನಿರ್ಮಾಣ ವೆಚ್ಚದ ಶೇಕಡಾ 5ರವರೆಗೆ ದಂಡ ವಿಧಿಸಿತು. ಚಿತ್ರೋದ್ಯಮಕ್ಕೆ ವರ್ಷಕ್ಕೆ 20,000 ಕೋಟಿ ರೂಪಾಯಿ ನಷ್ಟವೆಂದು ಸರ್ಕಾರ ಹೇಳಿತು. ಆಗಲಿ, ಶಿಕ್ಷೆಯಿರಲಿ. ಆದರೆ ಅದೇ ವರ್ಷದ ನವೆಂಬರಿನಲ್ಲಿ ಮಾಹಿತಿ ಮತ್ತು ಪ್ರಸಾರ ಇಲಾಖೆ 12 ಮಂದಿ ಅಧಿಕಾರಿಗಳನ್ನು ನೇಮಿಸಿತು. ಅವರು ಸೂಚಿಸಿದರೆ 48 ಗಂಟೆಗಳೊಳಗೆ ಕೊಂಡಿಯನ್ನು ಕಿತ್ತುಹಾಕಬೇಕು. ಕಳ್ಳಪ್ರತಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವವನು ನ್ಯಾಯಾಧೀಶನಲ್ಲ, ಅಧಿಕಾರಿ. ನನ್ನ ತಕರಾರು ಇರುವುದು ಇಲ್ಲಿ.

ನ್ಯಾಯಾಧೀಶನಾದರೆ ತಪ್ಪುವುದಿಲ್ಲವೇ ಎಂದು ಕೇಳಬಹುದು. ತಪ್ಪುತ್ತಾನೆ, ಮೇಲಿನ 2017ರ ಪ್ರಕರಣವೇ ಸಾಕ್ಷಿ. 2012ರಲ್ಲಿಯೂ '3' ಎಂಬ ತಮಿಳು ಚಿತ್ರ ಮತ್ತು 'ದಮ್ಮು' ಎಂಬ ತೆಲುಗು ಚಿತ್ರಕ್ಕಾಗಿ ಪಡೆದ ಆದೇಶಗಳನ್ನು ಹಿಡಿದು ಸಂಪರ್ಕ ಕಂಪನಿಗಳು ವಿಮಿಯೋದಂಥ ಸಭ್ಯ ತಾಣಗಳನ್ನೇ ಇಡಿಯಾಗಿ ಮುಚ್ಚಿದ್ದವು. ಆ ವರ್ಷದ ಜೂನಿನಲ್ಲಿ ನಮ್ಮ ಮುಂಬೈಯ ಹುಡುಗರು ಮುಖವಾಡ ಧರಿಸಿ ಆಜಾದ್ ಮೈದಾನದಲ್ಲಿ ನಿಂತು ಪ್ರತಿಭಟಿಸಿದರು. ಅವರ ಮುಖವಾಡ ನನಗೆ ಹಿಡಿಸಲಿಲ್ಲ, ಅವರ ಮಾತು ಹಿಡಿಸಿತು. ಬಳಿಕ ಅದೇ ಮದ್ರಾಸ್ ಹೈಕೋರ್ಟು ಇಡೀ ತಾಣವನ್ನಲ್ಲ, ಕಳ್ಳಪ್ರತಿಯಿರುವ ನಿರ್ದಿಷ್ಟ ಪುಟವನ್ನಷ್ಟೇ ಮುಚ್ಚಬೇಕೆಂದು ಸ್ಪಷ್ಟಪಡಿಸಿತು. ನ್ಯಾಯಾಲಯಕ್ಕೂ ಇಲಾಖೆಗೂ ಇರುವ ವ್ಯತ್ಯಾಸ ಇದು: ನ್ಯಾಯಾಲಯದ ತಪ್ಪು ಬರಹದಲ್ಲಿ ಕಾಣಿಸುತ್ತದೆ, ಆದ್ದರಿಂದ ತಿದ್ದಲು ಬರುತ್ತದೆ.

ಹೇಗೆ ಮಾಡಬೇಕೆಂಬುದಕ್ಕೆ ಮಾದರಿಯೂ ನಮ್ಮ ನಗರದಲ್ಲೇ ಇದೆ. 2016ರ ಜುಲೈಯಲ್ಲಿ 'ಢಿಶೂಮ್' ಚಿತ್ರದ ನಿರ್ಮಾಪಕರು ನೂರಾರು ಕೊಂಡಿಗಳ ಪಟ್ಟಿ ಹಿಡಿದು ಬಾಂಬೆ ಹೈಕೋರ್ಟಿಗೆ ಬಂದಾಗ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು ಸುಮ್ಮನೆ ಸಹಿ ಹಾಕಲಿಲ್ಲ. ಒಂದೊಂದನ್ನೂ ಪರಿಶೀಲಿಸಿದ್ದೀರಾ, ಪ್ರಮಾಣಪತ್ರ ಕೊಡುತ್ತೀರಾ ಎಂದು ಕೇಳಿದರು. ಪರಿಶೀಲಿಸಿ ತಂದ 134 ಕೊಂಡಿಗಳಿಗಷ್ಟೇ, ಅದೂ ಕೆಲವೇ ದಿನಗಳ ಮಟ್ಟಿಗೆ, ತಡೆ ಕೊಟ್ಟರು. ಮುಚ್ಚಿದ ಪುಟದ ಮೇಲೆ ಯಾವ ಆದೇಶದಿಂದ ಮುಚ್ಚಲಾಗಿದೆ, ಆಕ್ಷೇಪವಿದ್ದವರು ಎಲ್ಲಿಗೆ ಹೋಗಬೇಕು ಎಂಬುದನ್ನು ಬರೆಯಬೇಕೆಂದೂ ಹೇಳಿದರು. ಮರುವರ್ಷ ನನ್ನ ಪರದೆಯ ಮೇಲೆ ಅಷ್ಟು ಬರೆದಿದ್ದರೆ ನಾನು ಒಂದು ಅರ್ಜಿ ಗೀಚುತ್ತಿದ್ದೆ. ನಾಗರಿಕನಿಗೆ ಬೇಕಾದದ್ದು ಅಷ್ಟೇ: ಬಾಗಿಲು ಮುಚ್ಚಿದ್ದರೂ ತಟ್ಟಲು ಒಂದು ಬಾಗಿಲು ಇರಬೇಕು.

ಇನ್ನು ಮಾತಿನ ಮೇಲಿನ ಬೀಗಗಳ ವಿಚಾರ. ಕುರ್ಲಾದಿಂದ ಮಿಠಿ ನದಿಯ ಸೇತುವೆ ದಾಟಿದರೆ ಬಾಂದ್ರಾ-ಕುರ್ಲಾ ಸಂಕೀರ್ಣ, ಗಾಜಿನ ಕಟ್ಟಡಗಳ ಲೋಕ. 2011ರ ಡಿಸೆಂಬರಿನಲ್ಲಿ ಅಣ್ಣಾ ಹಜಾರೆಯವರು ಅಲ್ಲಿನ ಎಮ್ಎಮ್ಆರ್‌ಡಿಎ ಮೈದಾನದಲ್ಲಿ ಉಪವಾಸ ಕುಳಿತಿದ್ದರು. ಕಾನಪುರದ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿ ಭ್ರಷ್ಟಾಚಾರವನ್ನು ಹಳಿದು ಬರೆದ ಚಿತ್ರಗಳು ಅದೇ ವೇಳೆಗೆ ವಿವಾದವಾದವು. ಮುಂಬೈ ಪೊಲೀಸರ ಸೂಚನೆಯ ಮೇರೆಗೆ ಆತನ ಜಾಲತಾಣ ಮುಚ್ಚಿಹೋಯಿತು. ವಿಚಾರಣೆ ಇಲ್ಲ, ಮುನ್ಸೂಚನೆ ಇಲ್ಲ. 2012ರ ಸೆಪ್ಟೆಂಬರಿನಲ್ಲಿ ಇದೇ ಸಂಕೀರ್ಣದ ಪೊಲೀಸ್ ಠಾಣೆಯ ಪ್ರಕರಣದಲ್ಲಿ ಆತನ ಬಂಧನವಾಯಿತು. ಹೊರಿಸಿದ ಆರೋಪ ರಾಜದ್ರೋಹ. ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ. ಜನ ಸಿಟ್ಟಾದ ಮೇಲೆ ರಾಜದ್ರೋಹವನ್ನು ಕೈಬಿಡಲಾಯಿತು. ಚಿತ್ರಗಳು ಒಳ್ಳೆಯವೋ ಕೆಟ್ಟವೋ ಎಂಬುದು ಬೇರೆ ಮಾತು. ನನಗೆ ಅವು ಒರಟಾಗಿ ಕಂಡವು. ಆದರೆ ಒರಟು ಚಿತ್ರಕ್ಕೆ ಆರ್ಥರ್ ರೋಡ್ ಜೈಲು ಶಿಕ್ಷೆಯೇ? 2015ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟು ಈ ಪ್ರಕರಣದಲ್ಲಿ ತೀರ್ಪಿತ್ತು, ಸರ್ಕಾರದ ಟೀಕೆ ರಾಜದ್ರೋಹವಲ್ಲವೆಂಬುದನ್ನು ಪೊಲೀಸರಿಗೆ ಮನದಟ್ಟು ಮಾಡಬೇಕಾಯಿತು.

ಅದೇ 2012ರ ನವೆಂಬರಿನಲ್ಲಿ ಬಾಳಾಸಾಹೇಬ್ ಠಾಕ್ರೆಯವರು ತೀರಿಕೊಂಡರು, ಮುಂಬೈ ಸ್ತಬ್ಧವಾಯಿತು. ನಗರ ಯಾಕೆ ಮುಚ್ಚಬೇಕೆಂದು ಪಾಲ್ಘರದ ಒಬ್ಬ ತರುಣಿ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಳು. ಇನ್ನೊಬ್ಬಳು ಅದನ್ನು ಮೆಚ್ಚಿದಳು. ಬರೆದವಳಷ್ಟೇ ಅಲ್ಲ, ಮೆಚ್ಚಿದವಳೂ ಬಂಧಿತಳಾದಳು. ಬರೆದ ಹುಡುಗಿಯ ಚಿಕ್ಕಪ್ಪನ ಆಸ್ಪತ್ರೆಯನ್ನು ಗುಂಪು ಪುಡಿಮಾಡಿತು. ನಮ್ಮ ಮನೆಯಲ್ಲೂ ಆಗ ಕಾಲೇಜಿಗೆ ಹೋಗುವ ಹೆಣ್ಣುಮಗಳಿದ್ದಳು. ಆ ರಾತ್ರಿ ನಾನು ಅವಳನ್ನು ಕರೆದು, "ಫೋನಿನಲ್ಲಿ ಏನೂ ಬರೆಯಬೇಡ ಮಗಾ" ಎಂದೆ. ಅವಳು, "ಅಪ್ಪಾ, ಓದಬಹುದೇ?" ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಒಂದು ಕೆಟ್ಟ ಕಾನೂನು ಜೈಲಿಗೆ ಕಳಿಸುವವರ ಸಂಖ್ಯೆ ಸಣ್ಣದು. ಮನೆಯೊಳಗೆ ತಂದೆಯ ಬಾಯಿಂದಲೇ ಮಕ್ಕಳ ಬಾಯಿ ಮುಚ್ಚಿಸುವುದು ಅದರ ನಿಜವಾದ ಕೆಲಸ.

66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಅಸಿಂಧುಗೊಳಿಸಿತು. ಸತ್ತ ಕಾನೂನು ಆ ಮೇಲೂ ಠಾಣೆಗಳಲ್ಲಿ ಬದುಕಿತ್ತು. 2021ರಲ್ಲಿಯೂ ಅದರಡಿ ಪ್ರಕರಣ ದಾಖಲಾಗುತ್ತಿರುವುದು ಆಘಾತಕಾರಿ ಎಂದು ನ್ಯಾಯಾಲಯವೇ ಹೇಳಬೇಕಾಯಿತು. ಅದೇ 2015ರ ತೀರ್ಪು ತಾಣಗಳನ್ನು ಮುಚ್ಚಿಸುವ 69ಎ ಕಲಮನ್ನು ಉಳಿಸಿತು, ಯಾಕೆಂದರೆ ಅಲ್ಲಿ ಕಾರಣ ಬರೆಯಬೇಕು, ಸಮಿತಿ ಕೇಳಬೇಕು ಎಂಬ ರಕ್ಷಣೆಗಳಿದ್ದವು. ಸರ್ಕಾರ ಏನು ಮಾಡಿತು? ಆ ರಕ್ಷಣೆಗಳಿರುವ ಹೆಬ್ಬಾಗಿಲನ್ನು ಬಿಟ್ಟು 79ನೆಯ ಕಲಮಿನ ಹಿತ್ತಿಲ ಬಾಗಿಲನ್ನು ಹಿಡಿಯಿತು. 2024ರಲ್ಲಿ ಗೃಹ ಇಲಾಖೆ 'ಸಹಯೋಗ' ಎಂಬ ವ್ಯವಸ್ಥೆ ತೆರೆಯಿತು. ಅದರ ಮೂಲಕ ದೇಶದ ನಾನಾ ಭಾಗದ ಅಧಿಕಾರಿಗಳು ಇದನ್ನು ತೆಗೆ, ಅದನ್ನು ತೆಗೆ ಎಂದು ಸಾಮಾಜಿಕ ಮಾಧ್ಯಮಗಳಿಗೆ ಸೂಚಿಸಬಹುದು. ಬರೆದವನಿಗೆ ತಿಳಿಸಬೇಕಾಗಿಲ್ಲ. ಎಕ್ಸ್ ಕಂಪನಿ ಇದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೋದಾಗ 2025ರ ಸೆಪ್ಟೆಂಬರ್ 24ರಂದು ಅದರ ಅರ್ಜಿ ವಜಾ ಆಯಿತು. ತೀರ್ಪಿಗೆ ತಲೆಬಾಗುತ್ತೇನೆ, ಆದರೆ ಒಪ್ಪುವುದಿಲ್ಲ. ಅಲ್ಲಿ ವಾದಿಸಿದ್ದು ಒಬ್ಬ ವಿದೇಶಿ ಶ್ರೀಮಂತನ ಕಂಪನಿ. ಸಾಲು ಅಳಿಸಿಹೋದ ಸಾಮಾನ್ಯ ನಾಗರಿಕನ ಮಾತು ಇನ್ನೂ ಕೇಳಿಸಬೇಕಾಗಿದೆ. ಆ ಬಳಿಕ ಅಕ್ಟೋಬರಿನಲ್ಲಿ ಕೇಂದ್ರವೇ ನಿಯಮ ತಿದ್ದಿ, ಇಂಥ ಸೂಚನೆಯನ್ನು ಜಂಟಿ ಕಾರ್ಯದರ್ಶಿ ಅಥವಾ ಡಿಐಜಿ ದರ್ಜೆಗೆ ಕೆಳಗಿನವರು ಕೊಡುವಂತಿಲ್ಲ, ಕಾರಣ ಬರೆಯಬೇಕು ಎಂದಿತು. ಅಂದರೆ ಅದುವರೆಗೆ ಕೆಳಗಿನವರೂ ಕೊಡಬಹುದಾಗಿತ್ತು ಎಂದಾಯಿತು.

ಸತ್ಯವನ್ನೇ ಸರ್ಕಾರ ತೀರ್ಮಾನಿಸುವ ಪ್ರಯತ್ನವೂ ನಡೆಯಿತು. 2023ರ ಏಪ್ರಿಲಿನ ನಿಯಮಗಳಂತೆ ಕೇಂದ್ರ ಸರ್ಕಾರದ ವ್ಯವಹಾರದ ಬಗ್ಗೆ ಯಾವುದು ಸುಳ್ಳು, ಯಾವುದು ದಾರಿತಪ್ಪಿಸುವಂಥದ್ದು ಎಂದು ಕೇಂದ್ರ ಸರ್ಕಾರದ ಸತ್ಯಶೋಧನಾ ಘಟಕವೇ ಹೇಳತಕ್ಕದ್ದು. ಮುಂಬೈಯ ಹಾಸ್ಯಗಾರ ಕುನಾಲ್ ಕಾಮ್ರಾ ಮೊದಲಾದವರು ಬಾಂಬೆ ಹೈಕೋರ್ಟಿಗೆ ಹೋದರು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನಿಯಮ ಅಸಿಂಧುವೆಂದವರು ಅದೇ ಗೌತಮ್ ಪಟೇಲರು. ಮೂರನೆಯವರಾಗಿ ಕೇಳಿದ ನ್ಯಾಯಮೂರ್ತಿ ಎ. ಎಸ್. ಚಂದೂರ್ಕರ್ ಅವರು ಸೆಪ್ಟೆಂಬರ್ 20ರಂದು ಪಟೇಲರ ಅಭಿಪ್ರಾಯವನ್ನು ಎತ್ತಿಹಿಡಿದರು. ತನ್ನ ಪ್ರಕರಣದಲ್ಲಿ ತಾನೇ ನ್ಯಾಯಾಧೀಶನಾಗಲು ಹೊರಟ ಸರ್ಕಾರಕ್ಕೆ ಮುಂಬೈ ಹೀಗೆ ಪಾಠ ಹೇಳಿತು.

ಈ ಪಾಠವನ್ನು ಬೆಂಗಳೂರು ಕಲಿಯಲಿಲ್ಲ. ದೆಹಲಿಯಲ್ಲಿ ಒಂದು ಪಕ್ಷ ಮಾಡಿದ್ದನ್ನು ವಿರೋಧಿಸಿದ ಪಕ್ಷವೇ ಬೆಂಗಳೂರಿನಲ್ಲಿ ಅಧಿಕಾರದಲ್ಲಿದ್ದು ಅದಕ್ಕಿಂತ ಕಠಿಣವಾದದ್ದನ್ನು ಯೋಚಿಸಿತು. 2025ರ ಜೂನಿನಲ್ಲಿ ಕರ್ನಾಟಕದ ಸುಳ್ಳುಸುದ್ದಿ ನಿಷೇಧ ಮಸೂದೆಯ ಕರಡು ಹೊರಬಿತ್ತು. ಸುಳ್ಳುಸುದ್ದಿಗೆ ಏಳು ವರ್ಷಗಳವರೆಗೆ ಸೆರೆವಾಸ, 10 ಲಕ್ಷ ರೂಪಾಯಿಗಳವರೆಗೆ ದಂಡ, ವಿಶೇಷ ನ್ಯಾಯಾಲಯಗಳು, ಮೇಲೊಂದು ಪ್ರಾಧಿಕಾರ, ಅದಕ್ಕೆ ಮಂತ್ರಿಯೇ ಅಧ್ಯಕ್ಷ. ಆ ಪ್ರಾಧಿಕಾರ 'ಸನಾತನ' ಪ್ರತೀಕಗಳಿಗೂ ನಂಬಿಕೆಗಳಿಗೂ ಅಗೌರವ ತೋರುವ ಬರಹವನ್ನು ತಡೆಯಬೇಕು. ವಿಜ್ಞಾನ, ಇತಿಹಾಸ, ಧರ್ಮ, ತತ್ತ್ವಶಾಸ್ತ್ರ, ಸಾಹಿತ್ಯಗಳ ಬಗ್ಗೆ ಅಧಿಕೃತ ಸಂಶೋಧನೆಯನ್ನು ಆಧರಿಸಿದ ಬರಹವಷ್ಟೇ ಪ್ರಕಟವಾಗುವಂತೆ ನೋಡಿಕೊಳ್ಳಬೇಕು. ಟೀಕೆ ಎದ್ದಾಗ ಇದು ಅಂತಿಮ ಕರಡಲ್ಲವೆಂದು ಸರ್ಕಾರ ಸಮಜಾಯಿಷಿ ನೀಡಿತು. ಅಂತಿಮವಲ್ಲದಿದ್ದರೂ ಬರೆದವರ ಮನಸ್ಸು ಹೇಗೆ ಓಡುತ್ತದೆಂಬುದು ತಿಳಿಯಿತಷ್ಟೆ.

ಈಗ ನಮ್ಮ ಮನೆಯ ಕಡೆ ತಿರುಗೋಣ. ಭಗವಾನ್ ಮಹಾವೀರರಿಗೆ ವಿವಾಹವಾಗಿತ್ತೇ? ಆಗಿರಲಿಲ್ಲವೆಂದು ನಾವು ದಿಗಂಬರರು ನಂಬುತ್ತೇವೆ. ಯಶೋದೆಯೊಡನೆ ಆಗಿತ್ತೆಂದು ನಮ್ಮ ಪಕ್ಕದ ಮನೆಯ ಗುಜರಾತಿ ಶ್ವೇತಾಂಬರರು ನಂಬುತ್ತಾರೆ. ಮಲ್ಲಿ ತೀರ್ಥಂಕರರು ಪುರುಷರೆಂದು ನಾವು, ಸ್ತ್ರೀಯೆಂದು ಅವರು. ಶತಮಾನಗಳಿಂದ ಈ ಭಿನ್ನಾಭಿಪ್ರಾಯವಿದೆ. ಆದರೂ ಪರ್ಯುಷಣದ ಕೊನೆಗೆ ಅವರು 'ಮಿಚ್ಛಾಮಿ ದುಕ್ಕಡಂ' ಎಂದು ಬಂದಾಗ ನಾವು ಬಾಗಿಲು ತೆರೆಯುತ್ತೇವೆ. ಮಂತ್ರಿಗಳ ಪ್ರಾಧಿಕಾರ ಇವೆರಡರಲ್ಲಿ ಯಾವುದನ್ನು ಅಧಿಕೃತವೆನ್ನುತ್ತದೆ, ಯಾರನ್ನು ಏಳು ವರ್ಷ ಒಳಗಿಡುತ್ತದೆ?

ಇನ್ನೂ ಮುಂದೆ ಹೋಗೋಣ. ಹನ್ನೆರಡನೆಯ ಶತಮಾನದ ನಮ್ಮ ಬ್ರಹ್ಮಶಿವ ಕವಿ 'ಸಮಯಪರೀಕ್ಷೆ'ಯಲ್ಲಿ ಅನ್ಯಮತಗಳನ್ನು ಎಷ್ಟು ಖಾರವಾಗಿ ವಿಮರ್ಶಿಸಿದನೆಂಬುದನ್ನು ಓದಿದವರು ಬಲ್ಲರು. ನಯಸೇನನ 'ಧರ್ಮಾಮೃತ', ವೃತ್ತವಿಲಾಸನ 'ಧರ್ಮಪರೀಕ್ಷೆ' ಇವೂ ಯಾಗ, ಮೂಢನಂಬಿಕೆ, ಪುರಾಣಕಥೆಗಳನ್ನು ಗೇಲಿ ಮಾಡದೆ ಬಿಟ್ಟಿಲ್ಲ. 'ಅಗೌರವ'ವನ್ನು ಅಳೆಯುವ ಪ್ರಾಧಿಕಾರ ಆಗ ಇದ್ದಿದ್ದರೆ ಕನ್ನಡ ಜೈನ ಸಾಹಿತ್ಯದ ಒಂದು ಕಪಾಟೇ ಖಾಲಿಯಾಗುತ್ತಿತ್ತು. ಅಲ್ಪಸಂಖ್ಯಾತರಲ್ಲಿ ಅಲ್ಪಸಂಖ್ಯಾತರಾದ ನಮಗೆ ವಾದವೇ ಆಯುಧವಾಗಿತ್ತು. ಸ್ಯಾದ್ವಾದವನ್ನು ಲೋಕಕ್ಕೆ ಕೊಟ್ಟವರೆಂದು ಹೆಮ್ಮೆಪಡುವ ನಾವು, ಸತ್ಯದ ಒಂದೇ ಮುಖವನ್ನು ಮುದ್ರೆಯೊತ್ತಿ ಕೊಡುವ ಕಚೇರಿಯನ್ನು ಹೇಗೆ ಸ್ವಾಗತಿಸಬಲ್ಲೆವು? ಅದು ಏಕಾಂತವಾದಕ್ಕೆ ಕೊಟ್ಟ ಸರ್ಕಾರಿ ಹೆಸರು.

ಪ್ರತಿ ಮಾಡುವುದರ ವಿಷಯದಲ್ಲಿಯೂ ನಮ್ಮ ಇತಿಹಾಸ ಬೇರೆಯೇ ಇದೆ. ನಮ್ಮಲ್ಲಿ ಪ್ರತಿ ಮಾಡಿಸುವುದು ಪುಣ್ಯ. ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರದಾನ ನಾಲ್ಕನೆಯ ದಾನ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಹಂಚಿದಳು. ಆ ಕಾವ್ಯ ನಮಗೆ ಉಳಿದು ಬಂದದ್ದರಲ್ಲಿ ಆಕೆಯ ಪಾಲು ಎಷ್ಟೆಂದು ಹೇಳಬೇಕಾಗಿಲ್ಲ. ಇದಕ್ಕೆ ವಿರುದ್ಧವಾದ ಕಥೆ ಮೂಡುಬಿದಿರೆಯದು. ಧವಲ, ಜಯಧವಲ, ಮಹಾಧವಲಗಳ ತಾಳೆಯೋಲೆಗಳು ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಭಕ್ತರಿಗೆ ದರ್ಶನವಿತ್ತು, ಓದಲಿರಲಿಲ್ಲ. 19ನೆಯ ಶತಮಾನದ ಕೊನೆಗೆ ನಮ್ಮ ಮುಂಬೈಯ ಸೇಠ್ ಮಾಣಿಕಚಂದ್, ಸೋಲಾಪುರದ ಹೀರಾಚಂದ್ ನೇಮಚಂದ್ ಮೊದಲಾದವರು ಪ್ರತಿ ಮಾಡಿಸಲು ಹಣ ಕೂಡಿಸಿದರು. ಓಲೆ ಹೊರಗೆ ಹೋಗಕೂಡದು, ಪ್ರತಿಯೂ ಹೋಗಕೂಡದು ಎಂಬ ಕಟ್ಟು ಇತ್ತು. ಪ್ರತಿ ಮಾಡುವ ಕೆಲಸದಲ್ಲಿದ್ದ ಗಜಪತಿ ಉಪಾಧ್ಯಾಯರೂ ಅವರ ಪತ್ನಿ ಲಕ್ಷ್ಮೀಬಾಯಿಯವರೂ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಬರೆದುಕೊಂಡರು. ಅದು ಸಹಾರನ್ಪುರಕ್ಕೆ ಹೋಯಿತು, ಅಲ್ಲಿಂದ ಮತ್ತೊಂದು ಗುಟ್ಟಿನ ಪ್ರತಿ ಹೊರಬಿತ್ತು. ಕೊನೆಗೆ 1939ರಲ್ಲಿ ಡಾ. ಹೀರಾಲಾಲ್ ಜೈನರು ಷಟ್‌ಖಂಡಾಗಮದ ಮೊದಲ ಸಂಪುಟವನ್ನು ಅಚ್ಚಿನಲ್ಲಿ ತಂದದ್ದು ಹೀಗೆ ಹರಿದುಬಂದ ಪ್ರತಿಗಳ ಬಲದಿಂದ.

ಇಂದಿನ ಕಾನೂನಿನ ಭಾಷೆಯಲ್ಲಿ ಅದನ್ನು ಏನೆನ್ನುತ್ತೀರಿ? ಅನಧಿಕೃತ ಪ್ರತಿ. ನಾನು ಆ ದಂಪತಿಗಳ ಹೆಸರು ಹೇಳುವಾಗ ಕೈಮುಗಿಯುತ್ತೇನೆ. ಓಲೆಗಳನ್ನು ಹುಳದಿಂದಲೂ ಆಕ್ರಮಣದಿಂದಲೂ ಕಾಪಾಡಿದ ಭಟ್ಟಾರಕರಿಗೂ ಶ್ರಾವಕರಿಗೂ ಕೈಮುಗಿಯುತ್ತೇನೆ. ಅವರು ಕಾಪಾಡದಿದ್ದರೆ ಕದ್ದು ಬರೆಯಲು ಏನೂ ಉಳಿಯುತ್ತಿರಲಿಲ್ಲ. ಹಾಗೆಂದು ಶಾಸ್ತ್ರದ ಹೆಸರಿನಲ್ಲಿ ಹೊಸ ಸಿನಿಮಾ ಕದಿಯುವುದನ್ನು ನಾನು ಸಮರ್ಥಿಸುವುದಿಲ್ಲ. ಬದುಕಿರುವ ಲೇಖಕನ ದುಡಿಮೆಗೂ ಸಾವಿರ ವರ್ಷದ ಓಲೆಗೂ ವ್ಯತ್ಯಾಸವಿದೆ. ಕಾನೂನೂ ಆ ವ್ಯತ್ಯಾಸವನ್ನು ಬಲ್ಲದು: ಲೇಖಕ ತೀರಿಕೊಂಡ 60 ವರ್ಷಗಳ ಬಳಿಕ ಕೃತಿ ಎಲ್ಲರ ಸ್ವತ್ತು. ತಾಣವನ್ನು ಇಡಿಯಾಗಿ ಮುಚ್ಚುವ ಆದೇಶಕ್ಕೆ ಮಾತ್ರ ಆ ವ್ಯತ್ಯಾಸ ಗೊತ್ತಿಲ್ಲ. ದುಬೈಯಲ್ಲೋ ಪುಣೆಯಲ್ಲೋ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳಿಗೆ ಬಸದಿಯ ಕಪಾಟು ದೂರ. ಅವರ ಪಾಲಿನ ಶಾಸ್ತ್ರಭಂಡಾರ ಇರುವುದು ಇಂಥ ತಾಣಗಳಲ್ಲಿ.

ಈಗ ಅಹಿತವಾದ ಮಾತು. ನಿಷೇಧದ ಅರ್ಜಿ ಹಿಡಿದು ಓಡುವುದರಲ್ಲಿ ನಮ್ಮ ಸಮಾಜವೂ ಹಿಂದೆ ಬಿದ್ದಿಲ್ಲ. 2016ರಲ್ಲಿ ಮುನಿ ತರುಣಸಾಗರರು ಹರಿಯಾಣ ವಿಧಾನಸಭೆಯಲ್ಲಿ ಮಾತಾಡಿದಾಗ ಗಾಯಕ ವಿಶಾಲ್ ದದ್ಲಾನಿ ಮತ್ತು ತೆಹಸೀನ್ ಪೂನಾವಾಲಾ ಅಂತರಜಾಲದಲ್ಲಿ ಅವಹೇಳನ ಮಾಡಿದರು. ಮಾತು ಕೆಟ್ಟದಿತ್ತು, ನನಗೂ ನೋವಾಯಿತು. ದದ್ಲಾನಿ ಕ್ಷಮೆ ಕೇಳಿದರು. ಮುನಿಗಳಿಗೆ ಅವರ ಮೇಲೆ ಕೋಪವಿರಲಿಲ್ಲ. ಕೋಪ ಉಳಿದದ್ದು ಶ್ರಾವಕರಿಗೆ. ಪೊಲೀಸು ಪ್ರಕರಣ ದಾಖಲಾಯಿತು. 2019ರಲ್ಲಿ ಹೈಕೋರ್ಟು ಪ್ರಕರಣವನ್ನು ರದ್ದುಪಡಿಸಿದರೂ ತಲಾ 10 ಲಕ್ಷ ರೂಪಾಯಿ ತೆರುವಂತೆ ಹೇಳಿತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೂ ತೆಗೆದುಹಾಕಿತು. 2022ರಲ್ಲಿ ನಮ್ಮದೇ ನಗರದಲ್ಲಿ ಕೆಲವು ಜೈನ ಟ್ರಸ್ಟುಗಳು ಮಾಂಸದ ಜಾಹೀರಾತುಗಳನ್ನು ನಿಷೇಧಿಸಬೇಕೆಂದು ಬಾಂಬೆ ಹೈಕೋರ್ಟಿಗೆ ಹೋದವು. ಇತರರ ಹಕ್ಕಿನ ಮೇಲೆ ಯಾಕೆ ಅತಿಕ್ರಮಿಸುತ್ತೀರಿ, ಬೇಡವಾದರೆ ಟಿವಿ ಆರಿಸಿರಿ ಎಂಬ ಬುದ್ಧಿಮಾತು ಕೇಳಿ ಬಂದವು. ಉತ್ತಮ ಕ್ಷಮೆಯನ್ನು ಹತ್ತು ಧರ್ಮಗಳಲ್ಲಿ ಮೊದಲನೆಯದಾಗಿ ಇಟ್ಟ ಸಮಾಜಕ್ಕೆ ಇದು ಶೋಭಿಸುತ್ತದೆಯೇ? ನಾವು ಇಂದು ಇನ್ನೊಬ್ಬನ ಬಾಯಿಗೆ ಹಾಕಿಸಿದ ಬೀಗ ನಾಳೆ ದಿಗಂಬರ ಮುನಿಯ ವಿಹಾರದ ಚಿತ್ರವನ್ನು 'ಅಶ್ಲೀಲ'ವೆಂದು ಅಳಿಸಲು ಬಳಕೆಯಾಗುವುದಿಲ್ಲವೆಂಬ ಭರವಸೆ ಯಾರು ಕೊಡುತ್ತಾರೆ?

ಸುಳ್ಳುಸುದ್ದಿಯಿಂದ ಜೀವಹಾನಿಯಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಐವರು ಅಲೆಮಾರಿಗಳು ಬಲಿಯಾದರು. ಎರಡು ವಾರದೊಳಗೆ ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಅದೇ ವದಂತಿಗೆ ಪ್ರಾಣ ತೆತ್ತ. ಅಹಿಂಸೆಯ ಮಾತಾಡುವವರು ಇದನ್ನು ಮರೆಯುವಂತಿಲ್ಲ. ಆದರೆ ಕೊಲೆಗೆ, ಗಲಭೆಗೆ ಪ್ರಚೋದಿಸುವುದಕ್ಕೆ ದಂಡಸಂಹಿತೆಯಲ್ಲಿ ಶಿಕ್ಷೆ ಅಂದೂ ಇತ್ತು, ಇಂದೂ ಇದೆ. ಅಂದು ಕೊರತೆಯಾದದ್ದು ಹಳ್ಳಿಗೆ ಸಮಯಕ್ಕೆ ತಲುಪುವ ಪೊಲೀಸರದು, ನಂಬಬಹುದಾದ ಸುದ್ದಿಯದು, ಓದಿ ವಿವೇಚಿಸುವ ಅಭ್ಯಾಸದ್ದು. ಮಂತ್ರಿಯ ಅಧ್ಯಕ್ಷತೆಯ ಪ್ರಾಧಿಕಾರ ಈ ಮೂರರಲ್ಲಿ ಒಂದನ್ನೂ ತುಂಬಿಕೊಡುವುದಿಲ್ಲ. ಅದು ತುಂಬುವುದು ಅಧಿಕಾರದಲ್ಲಿರುವವರನ್ನು ಕುಟುಕಿದವರ ಮೇಲಿನ ಕಡತವನ್ನು.

ಹಾಗಾದರೆ ನಾಗರಿಕನಾಗಿ ನಾನು ಬೇಡುವುದೇನು? ಒಂದು, ಮುಚ್ಚುವುದಿದ್ದರೆ ಪುಟವನ್ನು ಮುಚ್ಚಿರಿ, ತಾಣವನ್ನಲ್ಲ. ಎರಡು, ಅತಿ ತುರ್ತಿನ ಸಂದರ್ಭ ಬಿಟ್ಟು, ಮುಚ್ಚುವ ಮೊದಲು ಬರೆದವನ ಮಾತು ಕೇಳಿರಿ. ತುರ್ತಿನಲ್ಲಿ ಮುಚ್ಚಿದರೆ ಬೇಗನೆ ನ್ಯಾಯಾಧೀಶರ ಮುಂದಿಡಿರಿ. ಮೂರು, ಆದೇಶವನ್ನೂ ಕಾರಣವನ್ನೂ ಪ್ರಕಟಿಸಿರಿ, ಮೇಲ್ಮನವಿಯ ವಿಳಾಸವನ್ನು ಮುಚ್ಚಿದ ಪುಟದ ಮೇಲೆಯೇ ಬರೆಯಿರಿ. ನಾಲ್ಕು, ಸುಳ್ಳು ದೂರು ಕೊಟ್ಟು ಇನ್ನೊಬ್ಬನ ಬರಹ ಕೀಳಿಸಿದವನಿಗೂ ದಂಡವಿರಲಿ. ಐದು, ಸೆರೆವಾಸವನ್ನು ಕಳ್ಳಪ್ರತಿಯ ವ್ಯಾಪಾರಿಗೆ ಮೀಸಲಿಡಿರಿ, ಹಳೆಯ ಗ್ರಂಥ ಹಂಚುವ ಗ್ರಂಥಪಾಲಕನಿಗಲ್ಲ. ಇವುಗಳಲ್ಲಿ ಹೆಚ್ಚಿನವನ್ನು ನಮ್ಮ ನ್ಯಾಯಾಲಯಗಳು ಒಂದಲ್ಲ ಒಂದು ಪ್ರಕರಣದಲ್ಲಿ ಹೇಳಿಯೇ ಇವೆ. ಕಾನೂನಿನ ಪುಸ್ತಕದಲ್ಲಿ ಬರೆದಿಡುವುದಷ್ಟೇ ಉಳಿದಿದೆ.

ಪರಊರಿನಲ್ಲಿರುವ ಬಂಧುಗಳಲ್ಲಿ ಎರಡು ವಿನಂತಿ. ಕರ್ನಾಟಕದಲ್ಲಿ ಮತವಿರುವವರು ನಿಮ್ಮ ಶಾಸಕರಿಗೆ, ಮಹಾರಾಷ್ಟ್ರದಲ್ಲಿರುವವರು ನಿಮ್ಮ ಸಂಸದರಿಗೆ ಈ ಐದು ಅಂಶಗಳನ್ನು ಒಂದು ಪುಟದಲ್ಲಿ ಬರೆದು ಕಳಿಸಿರಿ. ಹೊಸ ಮಸೂದೆ ಸದನಕ್ಕೆ ಬರುವ ಮುನ್ನ ಬರೆದದ್ದಕ್ಕೆ ಬೆಲೆ ಹೆಚ್ಚು. ಎರಡನೆಯದು, ಮುಂದಿನ ಬಾರಿ ನಮ್ಮ ಧರ್ಮವನ್ನು ಯಾರೋ ಗೇಲಿ ಮಾಡಿದರೆಂದು ಸಮಾಜದ ಗುಂಪಿನಲ್ಲಿ ಸಹಿ ಸಂಗ್ರಹ ಶುರುವಾದಾಗ, ಸಹಿ ಹಾಕುವ ಮುನ್ನ ಒಂದು ರಾತ್ರಿ ಕಾಯಿರಿ, ಬೆಳಿಗ್ಗೆ ದೂರಿನ ಬದಲು ಒಂದು ಉತ್ತರ ಬರೆಯಿರಿ. ಬ್ರಹ್ಮಶಿವ ಮಾಡಿದ್ದು ಅದನ್ನೇ.

ಧರಸೇನಾಚಾರ್ಯರು ಶ್ರುತಜ್ಞಾನ ತಮ್ಮೊಂದಿಗೇ ಅಳಿದೀತೆಂದು ಕಳವಳಗೊಂಡು ಪುಷ್ಪದಂತ, ಭೂತಬಲಿಗಳಿಗೆ ಹೇಳಿಕೊಟ್ಟರು. ಅವರು ಬರೆದು ಮುಗಿಸಿದ ದಿನವನ್ನು ನಾವು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯೆಂದು ಆಚರಿಸುತ್ತೇವೆ, ಗ್ರಂಥಗಳ ಧೂಳು ಒರೆಸಿ ಪೂಜಿಸುತ್ತೇವೆ. ಈ ಸಲ ಆ ದಿನ ನನ್ನ ಮೊಮ್ಮಗಳಿಂದ ನಾನು ಆ ಹಳೆಯ ಶ್ರಾವಕಾಚಾರದ ಮುದ್ರಣವನ್ನು ಪುಟಪುಟವಾಗಿ ಇಳಿಸಿ, ಅಚ್ಚು ಹಾಕಿಸಿ, ಊರ ಬಸದಿಗೆ ಒಂದು, ತಂಗಿಯ ಮನೆಗೆ ಒಂದು, ಕುರ್ಲಾದ ಮನೆಗೆ ಒಂದು ಎಂದು ಮೂರು ಪ್ರತಿ ಮಾಡಿಸಲಿದ್ದೇನೆ. ತಾಣ ಮತ್ತೆ ಮುಚ್ಚುವ ದಿನ ಬಂದರೆ ಓದಲು ನಿಂತುಹೋಗಬಾರದಷ್ಟೆ.